ಕುಂದು ಸಿಗದ ಬೈಕು

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಮೂರಂತಸ್ತಿನ ಕಟ್ಟಡವೊಂದರ ಮೆಟ್ಟಿಲ ಕೆಳಗೆ, ನೆಟ್ಟಗೆ ನಿಂತರೆ ತಲೆ ತಾಗುವಂಥ ಜಾಗದಲ್ಲಿ ಸೀಟಣ್ಣನ ಅಂಗಡಿ. ಬೈಕುಗಳ ಹರಿದ ಸೀಟಿಗೆ ಹೊಸ ರೆಕ್ಸಿನ್ ಹಾಕುವುದು ಅವನ ಕಸಬು. ಹಳೆಯ ಹೊದಿಕೆಯ ಪಿನ್ನು ಕೀಳಬೇಕು, ಕುಸಿದ ಫೋಮ್ ತೆಗೆದು ಹೊಸದನ್ನು ಕೆತ್ತಿ ಕೂರಿಸಬೇಕು, ಹೊಲಿದ ಹೊದಿಕೆಯನ್ನು ಮೊಣಕಾಲಲ್ಲಿ ಒತ್ತಿ ಹಿಡಿದು ಎಳೆದು ಬಿಗಿಯಬೇಕು, ಆಮೇಲೆ ಸುತ್ತ ಪಿನ್ನು ಹೊಡೆಯಬೇಕು. ನೆಲದ ಮೇಲೆ ಸದಾ ಪಿನ್ನು ಚೆಲ್ಲಿರುತ್ತಿದ್ದುದರಿಂದ ಅವನು ಚಪ್ಪಲಿ ಮೆಟ್ಟುತ್ತಿರಲಿಲ್ಲ. ಸುಡುಬಿಸಿಲಲ್ಲೂ ಕಂದು ಬಣ್ಣದ ಬೂಟು. ಊರಿನವರ ಬೆನ್ನ ಕೆಳಗಿನ ಕಷ್ಟಸುಖ ತನಗೆ ಗೊತ್ತಿರುವಷ್ಟು ಡಾಕ್ಟರಿಗೂ ಗೊತ್ತಿಲ್ಲ ಎಂದು ಅವನೇ ಹೇಳಿ, ಅವನೇ ಮೊದಲು ನಗುತ್ತಿದ್ದ.

ಇಷ್ಟೆಲ್ಲ ಇದ್ದೂ ಅವನಿಗೆ ಸ್ವಂತಕ್ಕೆ ಒಂದು ಬೈಕು ಇರಲಿಲ್ಲ.

“ಯಾಕಣ್ಣ, ಒಂದು ತಗೋಬಾರದಾ?” ಎಂದು ಗಿರಾಕಿಗಳು ಕೇಳಿದರೆ ಹಲ್ಲಿನ ಮಧ್ಯೆ ಕಚ್ಚಿದ್ದ ದಾರವನ್ನು ನಿಧಾನವಾಗಿ ತೆಗೆದು, “ತಗೋಬೋದು. ಒಳ್ಳೇದು ಸಿಗಬೇಕಲ್ಲ,” ಎನ್ನುತ್ತಿದ್ದ. ಹೊಸ ಬೈಕುಗಳಲ್ಲಿ ತಗಡಿಗೆ ತೂಕವಿಲ್ಲ. ಹಳೆಯದರಲ್ಲಿ ಒಂದಕ್ಕೆ ಚೈನಿನ ಸದ್ದು, ಇನ್ನೊಂದಕ್ಕೆ ಟ್ಯಾಂಕಿನ ಮೇಲೆ ಎರಡನೇ ಸಲದ ಬಣ್ಣ, ಮತ್ತೊಂದಕ್ಕೆ ಮುಂದಿನ ಚಕ್ರ ಕೂದಲೆಳೆಯಷ್ಟು ವಾರೆ. ಈ ಮಾತುಗಳನ್ನೆಲ್ಲ ಅವನು ಗಿರಾಕಿಗಳಿಂದಲೇ ಕಲಿತು ಗಿರಾಕಿಗಳಿಗೇ ಮರಳಿ ಒಪ್ಪಿಸುತ್ತಿದ್ದ. ಅವರೋ ತಲೆದೂಗುತ್ತಿದ್ದರು. ಬರಬರುತ್ತಾ ಬೈಕು ಕೊಳ್ಳುವವರು ಅವನನ್ನೇ ಜೊತೆಗೆ ಕರೆದೊಯ್ಯುವಂತಾಯಿತು. ಅವನು ಕುಕ್ಕರಗಾಲಲ್ಲಿ ಕೂತು ಎಂಜಿನ್ನಿನ ಕಡೆ ಬಹಳ ಹೊತ್ತು ನೋಡಿ, ಎದ್ದು, ಕೈ ಒರೆಸಿಕೊಂಡು “ಹ್ಞೂಂ” ಎನ್ನುತ್ತಿದ್ದ. ಆ ಹ್ಞೂಂಕಾರದ ಅರ್ಥ ಏನೆಂದು ಅವನಿಗೂ ತಿಳಿಯದು. ಆದರೆ ಅದರ ಮೇಲೆ ಊರಲ್ಲಿ ಎಷ್ಟೋ ವ್ಯಾಪಾರ ಕುದುರಿದ್ದವು, ಎಷ್ಟೋ ಮುರಿದಿದ್ದವು.

ನಿಜ ಸಂಗತಿ ಎಂದರೆ ಸೀಟಣ್ಣನಿಗೆ ಬೈಕು ಓಡಿಸಲು ಬರುತ್ತಿರಲಿಲ್ಲ.

ಕಸಬು ಕಲಿಯುತ್ತಿದ್ದ ಕಾಲದಲ್ಲಿ ಒಂದೇ ಒಂದು ಸಲ ಹತ್ತಿದ್ದ. ಆಗತಾನೇ ಹೊದಿಕೆ ಹಾಕಿ ಮುಗಿಸಿದ್ದ ಗಿರಾಕಿಯ ಬೈಕು. ಗುರುಗಳು ಟೀ ಕುಡಿಯಲು ಹೋಗಿದ್ದರು. ಯಾರೋ ಮಾಡಿದ್ದನ್ನು ನೋಡಿ ನೆನಪಿದ್ದಂತೆ ಒದ್ದ, ಎಡಗೈ ಹಿಡಿದ, ಬಿಟ್ಟ. ಬೈಕು ಮುಂದಕ್ಕೆ ನೆಗೆಯಿತು. ಸೀಟಿನ ಬೋಲ್ಟು ಹಾಕುವುದನ್ನು ಅವನೇ ಮರೆತಿದ್ದನಾದ್ದರಿಂದ ಬೈಕು ಎದುರಿನ ಗೋಡೆಯ ತನಕ ತಾನೊಂದೇ ಹೋಯಿತು. ಸೀಟೂ ಅವನೂ ರಸ್ತೆಯಲ್ಲೇ ಉಳಿದರು. ಟೀ ಲೋಟ ಹಿಡಿದು ಬಂದ ಗುರುಗಳಿಗೆ ಕಂಡದ್ದು, ನಡುರಸ್ತೆಯಲ್ಲಿ ಸೀಟಿನ ಮೇಲೆ ನೆಟ್ಟಗೆ, ಎರಡೂ ಕೈ ಮುಂದಕ್ಕೆ ಚಾಚಿ ಕೂತಿದ್ದ ಶಿಷ್ಯ. ಗುರುಗಳು ಯಾರಿಗೂ ಹೇಳಲಿಲ್ಲ. ಅಂದಿನಿಂದ ಅವನನ್ನು ‘ಸೀಟು’ ಎಂದು ಕರೆದರು, ಅಷ್ಟೇ. ಕಸಬಿಗಾಗಿ ಬಂದ ಹೆಸರು ಎಂದು ಊರು ತಿಳಿಯಿತು. ವಯಸ್ಸಾದ ಮೇಲೆ ಅದಕ್ಕೊಂದು ‘ಅಣ್ಣ’ ಸೇರಿಕೊಂಡಿತು.

ಮದುವೆಯಾದ ಹೊಸದರಲ್ಲಿ ಹೆಂಡತಿ ಕೇಳಿದ್ದಳು, “ನಿಮಗೆ ಬೈಕ್ ಬರುತ್ತಲ್ವಾ?” ಹೊಸ ಗಂಡ. ಇಲ್ಲ ಎನ್ನಲು ಬಾಯಿ ಬರಲಿಲ್ಲ. “ಬರದೇ ಏನು,” ಎಂದ. ಆ ಎರಡು ಪದಗಳನ್ನು ಸಾಕಲು ಅವನು ಅಲ್ಲಿಂದ ಈಚೆಗೆ ಪಟ್ಟ ಪಾಡು ನಾಲ್ಕು ಬೈಕು ಸಾಕುವವರೂ ಪಟ್ಟಿರಲಾರರು. ಒಳ್ಳೆಯ ಬೈಕು ಸಿಗುವುದಿಲ್ಲ ಎಂಬುದು ಹೀಗೆ ಹುಟ್ಟಿದ ತತ್ವ. ಹೆಂಡತಿ ಆಗೀಗ ಕುಟುಕುತ್ತಿದ್ದಳು: “ಊರೋರ ಹೆಂಡ್ತೀರನ್ನೆಲ್ಲ ಮೆತ್ತಗೆ ಕೂರಿಸ್ತೀರಿ. ನನ್ನ ಸರದಿ ಯಾವಾಗ?” ಅವನು, “ನಿನ್ನನ್ನ ಎಂಥೆಂಥದ್ರ ಮೇಲೋ ಕೂರಿಸೋಕಾಗುತ್ತಾ?” ಎಂದು ದಾರಕ್ಕೆ ಮೇಣ ಹಚ್ಚುತ್ತಿದ್ದ.

ತತ್ವ ಬಹುಕಾಲ ಗಟ್ಟಿಯಾಗಿ ನಿಂತಿತ್ತು. ಅದನ್ನು ಅಲುಗಿಸಿದ್ದು ಆಸ್ಪತ್ರೆ.

ಹೆಂಡತಿಗೆ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಕೆಲಸ. ಹಾಸಿಗೆಯ ಹೊದಿಕೆ, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ಬಟ್ಟೆ, ಎಲ್ಲವನ್ನೂ ಒಗೆಸಿ, ಮಡಚಿ, ವಾರ್ಡುಗಳಿಗೆ ಹಂಚುವುದು. ದಿಬ್ಬದ ಮೇಲೆ ಹೊಸ ಕಟ್ಟಡ ಎದ್ದಿತ್ತು. ಅಲ್ಲಿನ ಬಟ್ಟೆ ಕೋಣೆಗೆ ಅವಳನ್ನೇ ಮುಖ್ಯಸ್ಥೆ ಮಾಡುತ್ತೇವೆಂದು ಹೇಳಿದರು. ಕೆಳಗೆ ಇಬ್ಬರು ಸಹಾಯಕರು, ಕೋಣೆಯ ಬೀಗದ ಕೈ ಅವಳ ಸೊಂಟದಲ್ಲಿ. ಒಂದೇ ತೊಡಕು. ಕೆಲಸ ಶುರುವಾಗುವುದು ಬೆಳಗಿನ ಜಾವ. ದಿಬ್ಬಕ್ಕೆ ಮೊದಲ ಬಸ್ಸು ಹೋಗುವುದು ಅದಾದ ಮೇಲೆ. ಗಾಡಿ ಇದ್ದವರಿಗೆ ಮಾತ್ರ ಆಗುವ ಕೆಲಸ. ಅವಳು ಸೋಮವಾರ ಹೂಂ ಎನ್ನದಿದ್ದರೆ ಇನ್ನೊಬ್ಬಳಿಗೆ ಕೊಡುತ್ತಾರೆ.

“ಆ ಇನ್ನೊಬ್ಬಳಿಗೆ ದಿಂಬಿನ ಚೀಲ ಮಡಚೋಕೆ ಬರಲ್ಲ,” ಎಂದಳು ಹೆಂಡತಿ, ಸಿಟ್ಟಿಲ್ಲದೆ. “ಅವಳ ಗಂಡನಿಗೆ ಸ್ಕೂಟರ್ ಇದೆ.”

ಆ ಶನಿವಾರವೇ ಅವಳ ತಮ್ಮ ಅಂಗಡಿಗೆ ಬಂದ. ಅವನು ಮೆಕ್ಯಾನಿಕ್. ಇಷ್ಟು ವರ್ಷ ಭಾವನಿಗೆ ತೋರಿಸಿದ ಬೈಕುಗಳಲ್ಲೆಲ್ಲ ಭಾವ ಒಂದಲ್ಲ ಒಂದು ಕುಂದು ಹುಡುಕಿದ್ದರಿಂದ ಅವನಿಗೆ ಛಲ ಹತ್ತಿತ್ತು.

“ಭಾವ, ಎದ್ದೇಳಿ. ಇವತ್ತು ನಿಮ್ಮ ಹ್ಞೂಂ ನಡೆಯಲ್ಲ.”

“ಎಷ್ಟು ಹಳೇದು?”

“ನನಗಿಂತ ಹಳೇದು. ಆದ್ರೆ ನನಗಿಂತ ಚೆನ್ನಾಗಿದೆ. ಪಂಪ್‌ಹೌಸ್ ಯಜಮಾನ್ರದ್ದು. ಅಕ್ಕಂಗೂ ಅಲ್ಲಿಗೆ ಬರೋಕೆ ಹೇಳಿದೀನಿ.”

ಸೀಟಣ್ಣ ಸೂಜಿ ಕೆಳಗಿಟ್ಟ. ಅಕ್ಕನೂ ಬರುತ್ತಾಳೆಂದರೆ ಇದು ಬೈಕು ನೋಡುವ ಶಾಸ್ತ್ರವಲ್ಲ, ಅವನನ್ನು ನೋಡುವ ಶಾಸ್ತ್ರ. ದಾರಿಯುದ್ದಕ್ಕೂ ಅವನು ಆ ಬೈಕಿಗೆ ಕೆಟ್ಟದ್ದನ್ನೇ ಹಾರೈಸಿದ.

ಪಂಪ್‌ಹೌಸ್ ಯಜಮಾನರು ಊರಿನ ನೀರಿನ ಯಂತ್ರಗಳನ್ನು ನೋಡಿಕೊಂಡು ನಿವೃತ್ತರಾದವರು. ಜೀವಮಾನವಿಡೀ ಮೋಟಾರಿನ ಪಕ್ಕ ನಿಂತು ಕಿವಿ ಮುಕ್ಕಾಲು ಹೋಗಿತ್ತು. ತಾವು ಮಾತಾಡಿದರೂ ಮೋಟಾರಿನ ಸದ್ದನ್ನು ಮೀರಿಸುವಂತೆಯೇ ಮಾತಾಡುತ್ತಿದ್ದರು. ಅವರ ಮನೆಯ ಗೇಟು ತೆರೆದಾಗ ಸದ್ದೇ ಆಗಲಿಲ್ಲ. ಬಾಗಿಲ ಕೀಲು, ಬಾವಿಯ ರಾಟೆ, ಕಿಟಕಿಯ ಕೊಂಡಿ, ಎಲ್ಲಕ್ಕೂ ಎಣ್ಣೆ. ಗೇಟಿಗೆ ಸದ್ದಿಲ್ಲದ್ದು ಕಂಡಾಗಲೇ ಸೀಟಣ್ಣನ ಅರ್ಧ ಧೈರ್ಯ ಹೋಯಿತು.

ಬೈಕು ಮಾಡಿನ ಕೆಳಗೆ ನಿಂತಿತ್ತು. ಕಪ್ಪು ಮೈ, ಟ್ಯಾಂಕಿನ ಮೇಲೆ ಬೆಳ್ಳಿಗೆರೆ. ಹೊಸದರಂತೆ ಹೊಳೆಯುತ್ತಿರಲಿಲ್ಲ. ದಿನವೂ ಒರೆಸಿದ ಪಾತ್ರೆಗೆ ಬರುವ ಹೊಳಪು ಅದರದ್ದು. ಸೀಟಣ್ಣ ಕುಕ್ಕರಗಾಲಲ್ಲಿ ಕೂತ. ಚೈನು ನೋಡಿದ, ಎಳೆದು ಕಟ್ಟಿದ ತಂತಿಯಂತಿತ್ತು. ಟ್ಯಾಂಕಿನ ಅಡಿ ಬೆರಳಾಡಿಸಿದ, ಕಾರ್ಖಾನೆಯ ಬಣ್ಣವೇ. ಎಂಜಿನ್ನಿನ ಕೆಳಗೆ ನೆಲ ನೋಡಿದ, ಒಂದು ಹನಿ ಎಣ್ಣೆ ಸೋರಿದ ಗುರುತಿಲ್ಲ. ಹಿಂದೆ ಹೆಂಡತಿ ನಿಂತಿದ್ದಾಳೆ ಎಂಬುದು ಅವನ ಬೆನ್ನಿಗೆ ಗೊತ್ತಾಗುತ್ತಿತ್ತು.

“ಯಾಕೆ ಮಾರ್ತಿದೀರಿ?” ಎಂದ, ಹೊತ್ತು ಕಳೆಯಲು.

“ಏನು?”

“ಯಾಕೆ ಮಾರ್ತಿದೀರೀ?”

“ಕಿವಿ ಕೇಳಲ್ಲ ಕಣಯ್ಯ,” ಎಂದು ಯಜಮಾನರು ಬೀದಿಗೆಲ್ಲ ಸಾರಿದರು. “ಅದಕ್ಕೆ ನೋವಾದ್ರೆ ಅದು ಹೇಳತ್ತೆ, ನನಗೆ ಕೇಳಲ್ಲ. ಅಂಥವನ ಕೈಲಿ ಯಾಕಿರ್ಬೇಕು ಅದು?”

ಉಳಿದದ್ದು ಸೀಟು. ತನ್ನ ಕಸಬಿನೊಳಗೇ ಕುಂದು ಸಿಗದಿದ್ದರೆ ತಾನೆಂಥ ಸೀಟಣ್ಣ ಎಂದುಕೊಂಡು, ಜೇಬಿನಿಂದ ಸ್ಪ್ಯಾನರ್ ತೆಗೆದು ಎರಡು ಬೋಲ್ಟು ಬಿಚ್ಚಿ, ಸೀಟನ್ನು ಮಗುಚಿ ನೋಡಿದ. ಜೀವ ಬಂತು. ಬಲ ಮೂಲೆಯಲ್ಲಿ ಹೊಲಿಗೆ ಸೊಟ್ಟಗಿತ್ತು. ಸಾಲದ್ದಕ್ಕೆ ಅಡಿಭಾಗದಲ್ಲಿ ಕಪ್ಪು ದಾರದ ಬದಲು ನೀಲಿ ದಾರ.

“ನೋಡಿ,” ಎಂದು ಎದ್ದು ನಿಂತ. ಯಜಮಾನರಿಗೆ ಕೇಳಲೆಂದು ದನಿ ಏರಿಸಿದ. ಏರಿಸಿದ ಮೇಲೆ ಅವನಿಗೇ ಅದು ಇಷ್ಟವಾಯಿತು. “ಈ ಸೀಟು ಹೊಲಿದೋನಿಗೆ ಕಸಬೇ ಗೊತ್ತಿಲ್ಲ. ಮೂಲೆ ತಿರುಗಿಸೋಕೆ ಬರಲ್ಲ. ದಾರದ ಬಣ್ಣ ಕೂಡ ನೋಡಿಲ್ಲ. ಕುರುಡನೂ ಇದಕ್ಕಿಂತ ಚೆನ್ನಾಗಿ ಹೊಲೀತಾನೆ. ಸೀಟನ್ನೇ ಇಂಥೋನ ಕೈಲಿ ಕೊಟ್ಟಿದೀರಿ ಅಂದ್ರೆ ಒಳಗಿನ ಎಂಜಿನ್ ಯಾರ ಕೈಲಿ ಕೊಟ್ಟಿದ್ರೋ.”

ಯಜಮಾನರು ಹತ್ತಿರ ಬಂದು ಸೀಟನ್ನಲ್ಲ, ಅವನ ಮುಖವನ್ನು ನೋಡಿದರು.

“ಬಸ್‌ಸ್ಟ್ಯಾಂಡ್ ಹಿಂದೆ, ಮೆಟ್ಟಿಲ ಕೆಳಗಿನವನಲ್ವಾ ನೀನು?”

“ಹೌದು.”

“ನೀನೇ ಹೊಲಿದಿದ್ದು. ಆಗ ನೀನು ಹೊಸದಾಗಿ ಅಂಗಡಿ ಹಾಕಿದ್ದೆ. ಕರೀ ದಾರ ಮುಗಿದಿದೆ ಯಜಮಾನ್ರೇ, ಅಡೀಲಿ ಯಾರು ನೋಡ್ತಾರೆ, ಅಂದಿದ್ದೆ.”

ಭಾವಮೈದುನ ಗೋಡೆಯ ಕಡೆ ತಿರುಗಿ ನಿಂತ. ಅವನ ಭುಜಗಳು ಮಾತ್ರ ಕುಲುಕುತ್ತಿದ್ದವು. ಸೀಟಣ್ಣ ಸೀಟನ್ನು ಮತ್ತೆ ಮಗುಚಿ ಅಂಗೈಯಿಂದ ಒತ್ತಿ ನೋಡಿದ. “ಫೋಮ್ ಮಾತ್ರ ಒಳ್ಳೇದು ಹಾಕಿದ್ದಾನೆ,” ಎಂದ, ಮೆಲ್ಲಗೆ. “ಏನು?” ಎಂದರು ಯಜಮಾನರು. “ಏನಿಲ್ಲ,” ಎಂದ.

ಕುಂದುಗಳ ಪಟ್ಟಿ ಅಲ್ಲಿಗೆ ಮುಗಿಯಿತು. ಬೆಲೆ ಹೆಚ್ಚಿದ್ದರೆ ಅದೊಂದು ದಾರಿಯಿತ್ತು; ಯಜಮಾನರು ಹೇಳಿದ್ದು ನ್ಯಾಯವಾದ ಬೆಲೆ. ಬೆಲೆಗಿಂತ ಅವರಿಗೊಂದು ಷರತ್ತು ಮುಖ್ಯ: ಕೊಳ್ಳುವವನು ತಮ್ಮ ಕಣ್ಣೆದುರು ಗೇಟಿನ ತನಕ ಓಡಿಸಿ ತೋರಿಸಬೇಕು. ಆಗಲೇ ನಾಲ್ಕಾರು ಜನ ಬಂದು ಹೋಗಿದ್ದರಂತೆ. ಗೇಟಿನ ಪಕ್ಕ ಒಡೆದ ಹೂಕುಂಡಗಳ ಸಾಲೊಂದಿತ್ತು.

“ಈ ಬೈಕಿಗೆ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ,” ಎಂದರು. “ಈಗಿನದ್ದಕ್ಕೆ ಉಲ್ಟಾ. ಬಂದವರೆಲ್ಲ ಗೊತ್ತು ಗೊತ್ತು ಅಂತಾರೆ. ಹತ್ತಿದ ಮೇಲೆ ಗೊತ್ತಾಗತ್ತೆ.”

“ಭಾವ, ನಾನು ಒಂದು ಸುತ್ತು ನೋಡ್ತೀನಿ, ಆಮೇಲೆ ನೀವು,” ಎಂದು ಮೆಕ್ಯಾನಿಕ್ ಹತ್ತಿದ. ಹೊರಟದ್ದು ಚೆನ್ನಾಗಿಯೇ. ಗೇಟು ಹತ್ತಿರ ಬಂತು. ಇಷ್ಟು ವರ್ಷದ ರೂಢಿ, ನಿಲ್ಲಿಸಲು ಬಲಗಾಲು ಒತ್ತಿದ. ಅದು ಗೇರು. ಬೈಕು ನರಳಿ, ನೆಗೆದು, ಉಳಿದಿದ್ದ ಹೂಕುಂಡಗಳಲ್ಲಿ ಒಂದನ್ನು ಕೆಡವಿ ನಿಂತಿತು. ಯಜಮಾನರಿಗೆ ಸದ್ದು ಕೇಳಿಸದಿದ್ದರೂ ಕುಂಡ ಬಿದ್ದದ್ದು ಕಾಣಿಸಿತು.

“ನನಗೆ ಗೊತ್ತಿತ್ತು ಯಜಮಾನ್ರೇ,” ಎಂದ ಮೆಕ್ಯಾನಿಕ್, ಮಣ್ಣು ಕೊಡವುತ್ತ. “ನನ್ನ ಕಾಲಿಗೆ ಗೊತ್ತಿರಲಿಲ್ಲ.”

ಈಗ ಎಲ್ಲರೂ ಸೀಟಣ್ಣನ ಕಡೆ ನೋಡಿದರು.

ಅವನು ಬಿಚ್ಚಿದ್ದ ಬೋಲ್ಟುಗಳನ್ನು ಬಿಗಿದ. ಬಿಗಿದದ್ದನ್ನೇ ಇನ್ನೊಮ್ಮೆ ಬಿಗಿದ. ಹತ್ತಿ ಕೂತ. ತಾನು ಹೊಲಿದ ಸೀಟಿನ ಮೇಲೆ ತಾನು ಮೊದಲ ಸಲ ಕೂತಿದ್ದೇನೆ, ಫೋಮ್ ನಿಜವಾಗಿಯೂ ಒಳ್ಳೆಯದು ಎಂದು ಆ ಸ್ಥಿತಿಯಲ್ಲೂ ಅವನ ತಲೆಗೆ ಹೊಳೆಯಿತು. ಕೈಗಳ ಅಡಿ ಎರಡು ಹಿಡಿಕೆ. ಯಾವುದು ಯಾವುದೆಂದು ಎಂದೋ ಕಲಿತದ್ದೆಲ್ಲ ಈಗ ಕಲಸಿಹೋಗಿತ್ತು. ಅವನು ಯಜಮಾನರ ಕಡೆ ಬಾಗಿ, ಹೆಂಡತಿಗೆ ಕೇಳದಂತೆ, ಪಿಸುಗುಟ್ಟಿದ: “ಕ್ಲಚ್ ಯಾವ ಕೈ?”

“ಏನು?”

“ಕ್ಲಚ್ಚು. ಯಾವ ಕೈ?”

“ಜೋರಾಗಿ ಹೇಳಯ್ಯ, ಗಂಟ್ಲಿಗೂ ಕರೀ ದಾರ ಮುಗಿದಿದ್ಯಾ?”

ಮೂರನೆಯ ಸಲ ಅವನು ತುಸು ಜೋರಾಗಿಯೇ ಹೇಳಬೇಕಾಯಿತು. ಯಜಮಾನರ ಹುಬ್ಬು ಮೇಲೆ ಹೋಯಿತು.

“ಕ್ಲಚ್ ಯಾವ ಕೈ ಅಂತಾನಾ? ಅಂದ್ರೆ ನಿನಗೆ ಬೈಕು ಓಡಿಸೋಕೇ ಬರಲ್ವಾ?”

ಪಕ್ಕದ ಮನೆಯ ಗೋಡೆಯ ಮೇಲೆ ಒಂದು ತಲೆ ಕಾಣಿಸಿತು. ಎದುರು ಮನೆಯ ಮಹಡಿಯಲ್ಲಿ ಬಟ್ಟೆ ಹರವುತ್ತಿದ್ದವಳು ಕೈ ನಿಲ್ಲಿಸಿದಳು. ಬೀದಿಯಲ್ಲಿ ಹೋಗುತ್ತಿದ್ದವನೊಬ್ಬ, ಸೀಟಣ್ಣನ ಹ್ಞೂಂಕಾರ ನಂಬಿ ಹೋದ ವರ್ಷವಷ್ಟೇ ಬೈಕು ಕೊಂಡವನು, ಅದೇ ಬೈಕಿನ ಮೇಲೆ ಗೇಟಿನ ಬಳಿ ಒಂದು ಕಾಲೂರಿ ನಿಂತುಬಿಟ್ಟ. ಸೀಟಣ್ಣ ಎರಡೂ ಕೈ ಮುಂದಕ್ಕೆ ಚಾಚಿ ನೆಟ್ಟಗೆ ಕೂತಿದ್ದ. ಹೀಗೆ ಕೂರುವುದು ಅವನಿಗೆ ಮೊದಲೇ ರೂಢಿಯಿತ್ತು.

ಉತ್ತರ ಬಂದದ್ದು ಹೆಂಡತಿಯಿಂದ. “ಅವರಿಗೆ ಬರಲ್ಲ ಯಜಮಾನ್ರೇ,” ಎಂದಳು, ವಾರ್ಡಿಗೆ ಎಷ್ಟು ಹೊದಿಕೆ ಎಂದು ಹೇಳುವ ದನಿಯಲ್ಲಿ. “ನೀವೇ ಹೇಳಿಕೊಡ್ಬೇಕು.”

“ಅಕ್ಕಾ,” ಎಂದ ತಮ್ಮ. ಆಮೇಲೆ “ಭಾವಾ,” ಎಂದ. ಇಷ್ಟು ವರ್ಷ ತಂದು ತೋರಿಸಿದ ಬೈಕುಗಳೆಲ್ಲ ಒಂದೊಂದಾಗಿ ಅವನ ಕಣ್ಣ ಮುಂದೆ ಹಾದುಹೋದಂತೆ ಕಂಡಿತು.

ಯಜಮಾನರು ಅವನ ಕಾಲುಗಳನ್ನು ನೋಡಿದರು. “ಬೇರೆ ಬೈಕು ಏನೂ ಬರಲ್ವಾ? ಸ್ಕೂಟರು?”

“ಸೈಕಲ್ ಬರತ್ತೆ,” ಎಂದ ಸೀಟಣ್ಣ. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ.

“ಹಂಗಾದ್ರೆ ಇವನಿಗೇ ಕೊಡ್ತೀನಿ,” ಎಂದರು ಯಜಮಾನರು ಸೀಟಣ್ಣನ ಹೆಂಡತಿಯ ಕಡೆ ತಿರುಗಿ. “ಉಳಿದವರಿಗೆ ಮರೆಸಿ ಕಲಿಸ್ಬೇಕು. ಇವನ ಕಾಲು ಖಾಲಿ ಇದೆ.”

ತನ್ನ ಜೀವನದಲ್ಲಿ ಯಾವುದೋ ಒಂದಕ್ಕೆ ಇಡೀ ಊರಲ್ಲಿ ತಾನೊಬ್ಬನೇ ಅರ್ಹನಾದದ್ದು ಇದೇ ಮೊದಲು, ಅದೂ ಏನೂ ಬರುವುದಿಲ್ಲ ಎಂಬ ಕಾರಣಕ್ಕೆ, ಎಂದು ಸೀಟಣ್ಣನಿಗೆ ಅನಿಸಿತು.

ಗಂಡ ಹೆಂಡತಿ ಮನೆಗೆ ನಡೆದು ಹೊರಟರು. ದಾರಿಯಲ್ಲಿ ಅವನು ಕೇಳಿದ. “ನಿನಗೆ ಯಾವಾಗಿಂದ ಗೊತ್ತು?”

“ಮೊದಲ ತಿಂಗಳಿಂದ. ನಿಮ್ಮ ಬೂಟು ತೊಳೀತೀನಲ್ಲ. ಬೈಕು ಓಡಿಸೋರಿಗೆ ಒಂದು ಬೂಟಿನ ಮೇಲೆ ಗೇರಿನ ಕಪ್ಪು ಕೂತಿರತ್ತೆ. ತಮ್ಮಂದು ಉಜ್ಜಿ ಉಜ್ಜಿ ನನ್ನ ಕೈ ಸೋತಿತ್ತು. ನಿಮ್ಮದು ಎರಡೂ ಒಂದೇ ಥರ.”

“ಮತ್ತೆ ಯಾಕೆ ಕೇಳ್ಲಿಲ್ಲ?”

“ಕೇಳಿದ್ರೆ ಇನ್ನೊಂದು ಸುಳ್ಳು ಹೇಳ್ತಿದ್ರಿ. ಇದಕ್ಕಾದ್ರೂ ಅಭ್ಯಾಸ ಆಗಿತ್ತು.” ಮನೆಯ ತಿರುವಿನಲ್ಲಿ, “ಸೋಮವಾರ ಹೂಂ ಅಂತೀನಿ,” ಎಂದಳು.

“ನಾನಿನ್ನೂ ಕಲಿತಿಲ್ಲ.”

“ಕೆಲಸ ಶುರುವಾಗೋದು ಬರೋ ತಿಂಗಳು. ಕಲೀರಿ.”

ಅವನಿಗೆ ಅದುವರೆಗೆ ಬೈಕಿನ ಭಯವಿತ್ತು. ಈಗ ಆ ಭಯ ಚಿಕ್ಕದಾಗಿ, ಪಕ್ಕದಲ್ಲಿ ಇನ್ನೊಂದು ಬಂದು ಕೂತಿತು. ಅವಳು ತನ್ನ ಬೀಗದ ಕೈಯನ್ನು ಅವನ ಖಾಲಿ ಕಾಲುಗಳ ಮೇಲೆ ಇಟ್ಟುಬಿಟ್ಟಿದ್ದಳು.

ಹಳೆಯ ಪಂಪ್‌ಹೌಸಿನ ಹಿಂದೆ ನೀರಿನ ಟ್ಯಾಂಕಿನ ಸುತ್ತ ಒಂದು ಬಯಲಿತ್ತು. ಸಂಜೆ ಅಂಗಡಿ ಮುಚ್ಚಿ ಅವನು ಅಲ್ಲಿಗೆ ಹೋಗುತ್ತಿದ್ದ. ಕಲಿಯುವವರ ಲೈಸೆನ್ಸು ಕೇಳಲು ಕಚೇರಿಗೆ ಹೋದಾಗ ಗುಮಾಸ್ತ ಅವನ ಮುಖ ನೋಡಿ, “ಯಾರಿಗಣ್ಣ, ಮಗನಿಗಾ?” ಎಂದಿದ್ದ. ಸುದ್ದಿ ಊರು ತುಂಬಿತು. ಗಿರಾಕಿಗಳು ಸೀಟು ತಂದಿಟ್ಟು, “ಅಣ್ಣ, ಕ್ಲಚ್ ಯಾವ ಕೈ?” ಎಂದು ಕೇಳಿ ಹೋಗುತ್ತಿದ್ದರು. ಅವನು ಕತ್ತರಿ ಎತ್ತಿ ತೋರಿಸಿ, “ಈ ಕೈ,” ಎನ್ನುತ್ತಿದ್ದ.

ಬಯಲಿನಲ್ಲಿ ಮೊದಮೊದಲು ಬೈಕು ಮಾತುಮಾತಿಗೆ ಆರಿಹೋಗುತ್ತಿತ್ತು. ಹತ್ತುವ ಮುನ್ನ ಪ್ರತಿ ಸಲವೂ ಅವನು ಬಾಗಿ ಸೀಟಿನ ಬೋಲ್ಟು ಮುಟ್ಟಿ ನೋಡುತ್ತಿದ್ದ. ಯಜಮಾನರು ಅದನ್ನು ಭಕ್ತಿ ಎಂದು ತಿಳಿದರು. ಅವರು ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ತಮ್ಮ ದವಡೆಗೆ ಒತ್ತಿ, ಕಣ್ಣು ಮುಚ್ಚಿ ಅದರ ಸದ್ದನ್ನು ಎಲುಬಿನಿಂದ ಕೇಳುತ್ತಿದ್ದರು. “ಟಿಕ್ ಟಿಕ್ ಅಂತಿದ್ಯಾ?” ಎಂದು ಅವನನ್ನು ಕೇಳುತ್ತಿದ್ದರು. “ಅಂತಿದೆ.” “ಗಡಿಯಾರದ ಹಾಗೋ, ಹಲ್ಲಿಯ ಹಾಗೋ?” “ಗಡಿಯಾರ.” “ಸರಿ ಹಂಗಾದ್ರೆ. ಹಲ್ಲಿ ಆದ ದಿನ ನನ್ನ ಹತ್ರ ತಗೊಂಬಾ.” ಹೀಗೆ ಅವನು ಅವರಿಗೆ ಕಿವಿಯಾದ, ಅವರು ಅವನಿಗೆ ಕಾಲಾದರು. ಒಂದು ಸಂಜೆ ಅವನು ಟ್ಯಾಂಕಿನ ಸುತ್ತ ಬಂದು, ಎಡಗಾಲು ಒತ್ತಿ, ಅವರ ಮುಂದೆ ಮೆತ್ತಗೆ ನಿಲ್ಲಿಸಿದ. ಏನನ್ನೂ ಕೆಡವಿರಲಿಲ್ಲ, ಕೆಡವಲು ಅಲ್ಲಿ ಏನೂ ಇರಲಿಲ್ಲ ಎಂಬುದು ಬೇರೆ ಮಾತು.

ಲೈಸೆನ್ಸಿನ ಪರೀಕ್ಷೆಯಲ್ಲಿ ಅಧಿಕಾರಿ ಅವನ ಕಾಲುಗಳನ್ನೇ ನೋಡುತ್ತ, “ಉಲ್ಟಾ ಕಲಿತಿದ್ದೀರಲ್ರೀ,” ಎಂದು ನಕ್ಕು ಸಹಿ ಹಾಕಿದ.

ಹೊಸ ಕಟ್ಟಡದ ಮೊದಲ ದಿನ. ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಹೆಂಡತಿ ಊಟದ ಡಬ್ಬಿ ಹಿಡಿದು ಹಿಂದೆ ಕೂತಳು. ಕೂತು, ಒಮ್ಮೆ ಅಲುಗಿ ನೋಡಿ, “ಮೆತ್ತಗಿದೆ,” ಎಂದಳು. ಅಷ್ಟು ವರ್ಷಗಳ ಕುಟುಕಿಗೆ ಅಷ್ಟೇ ಮುಕ್ತಾಯ. ಅವನಿಗೆ ಏನೋ ಹೇಳಬೇಕೆನಿಸಿತು. ಆದರೆ ಎಡಗೈ ಕ್ಲಚ್ಚಿನಲ್ಲಿತ್ತು, ಮನಸ್ಸೆಲ್ಲ ಬಲಗಾಲಲ್ಲಿತ್ತು, ಬಾಯಿಗೆ ಏನೂ ಮಿಕ್ಕಿರಲಿಲ್ಲ.

ಪೇಪರ್ ಹಾಕುವ ಸೈಕಲ್ಲೊಂದು ಅವರನ್ನು ಹಿಂದೆ ಹಾಕಿ ಹೋಯಿತು. ದಿಬ್ಬದ ನಡುವೆ ಬೈಕು ಆರಿಹೋಯಿತು. ಅವನು ಎಡಗಾಲು ಒತ್ತಿ ಹಿಡಿದ. ಗಾಡಿ ಹಿಂದೆ ಸರಿಯಲಿಲ್ಲ. “ಇಳೀಲಾ?” ಎಂದಳು. “ಬೇಡ, ಕೂತಿರು,” ಎಂದ. ಹಾಗೆ ಹೇಳಿದ ಮೇಲೆ, ಹೇಳಿದವನು ತಾನೇ ಎಂದು ಅವನಿಗೆ ಹೆದರಿಕೆಯಾಯಿತು. ಒದ್ದ. ಇನ್ನೊಮ್ಮೆ ಒದ್ದ. ಎಂಜಿನ್ ಗಡಿಯಾರದ ಹಾಗೆ ಮಾತಾಡತೊಡಗಿತು. ಅವನು ಎಡಗೈಯನ್ನು ಹೊದಿಕೆ ಎಳೆದು ಬಿಗಿಯುವಾಗ ಬಿಡುವಷ್ಟೇ ನಿಧಾನವಾಗಿ ಬಿಟ್ಟ. ಬೈಕು, ಸೀಟು, ಅವನು, ಅವಳು, ಎಲ್ಲರೂ ಒಟ್ಟಿಗೇ ಮೇಲೆ ಹೋದರು.

ಆಸ್ಪತ್ರೆಯ ಬಾಗಿಲಲ್ಲಿ ಅವಳು ಇಳಿದು ಸೆರಗು ಸರಿಮಾಡಿಕೊಂಡಳು. ಕಾವಲಿನವನು ಬೀಗದ ಕೈ ಗೊಂಚಲು ತಂದು ಅವಳ ಕೈಗಿತ್ತ. ಅವಳು ಹಿಂತಿರುಗಿ ನೋಡದೆ ಒಳಗೆ ನಡೆದಳು. ಕೆಲಸಕ್ಕೆ ತಡವೇನೂ ಆಗಿರಲಿಲ್ಲ.

ಕೆಲವು ದಿನಗಳ ನಂತರ, ಬೆಳಿಗ್ಗೆ ಹೊರಡುವಾಗ ಬಾಗಿಲ ಬಳಿ ಅವನ ಬೂಟುಗಳು ತೊಳೆದು ಇಟ್ಟಿದ್ದವು. ಎಡಗಾಲಿನದು ಹೊಳೆಯುತ್ತಿತ್ತು. ಬಲಗಾಲಿನದೂ ಹೊಳೆಯುತ್ತಿತ್ತು, ಬೆರಳುಗಳ ಮೇಲಿನ ಒಂದು ಕಪ್ಪು ಗೀರು ಬಿಟ್ಟು.

“ಇದೊಂದು ಉಳಿದಿದೆ,” ಎಂದ.

“ಹ್ಞೂಂ,” ಎಂದಳು ಅವಳು, ಡಬ್ಬಿಯ ಮುಚ್ಚಳ ಒತ್ತುತ್ತ.

ಅಂದು ಅಂಗಡಿಯಲ್ಲಿ ಸೀಟಣ್ಣ ಬಲಗಾಲನ್ನು ಹೊರಗೆ ಕಾಣುವಂತೆ ಚಾಚಿಕೊಂಡೇ ಹೊಲಿದ. ಮಧ್ಯಾಹ್ನದ ತನಕ ಯಾರೂ ನೋಡಲಿಲ್ಲ. ಆಮೇಲೆ ಬಂದ ಗಿರಾಕಿಯೊಬ್ಬ ಹರಿದ ಸೀಟು ಕೆಳಗಿಡುತ್ತ, “ಅಣ್ಣ, ಬೂಟಿಗೆ ಏನೋ ಕೊಳೆ ಮೆತ್ತಿದೆ,” ಎಂದ.

“ಗೊತ್ತು,” ಎಂದ ಸೀಟಣ್ಣ. ಹಲ್ಲಿನಿಂದ ದಾರ ತೆಗೆದು, ಗಿರಾಕಿಗೆ ಸ್ಟೂಲು ಎಳೆದು ಕೊಟ್ಟು, ಬೈಕು ಗೋಡೆಯ ತನಕ ಹೋಗಿ ತಾನು ರಸ್ತೆಯಲ್ಲೇ ಉಳಿದ ಕಥೆಯನ್ನು ಮೊದಲಿಂದ ಹೇಳಲು ಶುರುಮಾಡಿದ.